ದಾನಶೀಲ ಶ್ರೇಷ್ಠಿ ಪ್ರೇಮಚಂದ ರಾಯಚಂದರು

ಧನಕ್ಕೆ ದಾನ, ಭೋಗ, ನಾಶಗಳೆಂಬ ಮೂರು ಗತಿಗಳುಂಟೆಂದು ನೀತಿಕೋವಿದರು ಹೇಳುತ್ತ ಬಂದಿರುವರು. ಸಾಮಾನ್ಯವಾಗಿ ಧನಿಕನ ಸಂಪತ್ತು ಈ ಮೂರರಲ್ಲಿ ಯಾವುದಾದರೊಂದು ದಾರಿಯನ್ನು ಹಿಡಿದು ಹೋಗುವುದನ್ನು ಲೋಕವು ಕಾಣುವುದು. ಆದರೆ ಮೂರು ಗತಿಗಳೂ ಒಬ್ಬನೇ ಪುರುಷನ ಬಾಳಿನಲ್ಲಿ, ಅದೂ ಕೆಲವೇ ವರ್ಷಗಳ ಅವಧಿಯಲ್ಲಿ, ಕಣ್ಣಿಗೆ ಕಟ್ಟುವಂತೆ ನಡೆದುಹೋದ ನಿದರ್ಶನಗಳು ವಿರಳ. ಮುಂಬಯಿಯ ಸುಪ್ರಸಿದ್ಧ ವರ್ತಕರಾಗಿದ್ದ ಶ್ರೇಷ್ಠಿ ಪ್ರೇಮಚಂದ ರಾಯಚಂದರ ಚರಿತ್ರೆಯು ಅಂತಹುದು. ಆತನ ಹೆಸರಿನ ವಿದ್ಯಾರ್ಥಿವೇತನವನ್ನು ಪಡೆದವರು ಭಾರತದ ವಿದ್ಯಾಲೋಕದಲ್ಲಿ ಉನ್ನತ ಪೀಠಗಳನ್ನೇರಿದರು. ಆದರೆ ಆ ಹೆಸರಿನ ಹಿಂದಿರುವ ಮನುಷ್ಯನು ಏನನ್ನು ಗಳಿಸಿದನು, ಏನನ್ನು ಕಳೆದುಕೊಂಡನು, ಏನನ್ನು ಉಳಿಸಿದನು ಎಂಬುದನ್ನು ಬಲ್ಲವರು ಕೆಲವರೇ.

ಜನನ ಮತ್ತು ವಿದ್ಯಾಭ್ಯಾಸ

ಪ್ರೇಮಚಂದರು 1831ನೆಯ ಇಸವಿಯಲ್ಲಿ ಗುಜರಾತಿನ ಸೂರತ ಪಟ್ಟಣದವರಾದ ಒಂದು ಜೈನ ವೈಶ್ಯ ಕುಟುಂಬದಲ್ಲಿ ಜನಿಸಿದರು. ತಂದೆಯ ಹೆಸರು ರಾಯಚಂದ ದೀಪಚಂದ. ತಾಯಿಯ ಹೆಸರು ರಾಜಾಬಾಯಿ. ಮೊಗಲರ ಕಾಲದಲ್ಲಿ ಪಶ್ಚಿಮ ಸಮುದ್ರದ ಹೆಬ್ಬಾಗಿಲಾಗಿ ಮೆರೆದಿದ್ದ ಸೂರತದ ವೈಭವವು ಆ ವೇಳೆಗೆ ಕುಂದಿ, ವ್ಯಾಪಾರಲಕ್ಷ್ಮಿಯು ಮುಂಬಯಿಗೆ ನಡೆದುಬಿಟ್ಟಿದ್ದಳು. ಅವಳ ಬೆನ್ನು ಹಿಡಿದು ಅನೇಕ ಕುಟುಂಬಗಳು ಮುಂಬಯಿಯನ್ನು ಸೇರಿದವು. ರಾಯಚಂದರ ಕುಟುಂಬವೂ ಅವುಗಳಲ್ಲಿ ಒಂದು.

ಬಾಲಕನಾದ ಪ್ರೇಮಚಂದರನ್ನು ತಂದೆಯು ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಇಂಗ್ಲೀಷ್ ವಿದ್ಯೆಗೆ ಹಾಕಿದನು. ವರ್ತಕರ ಮಕ್ಕಳಿಗೆ ಲೆಕ್ಕವೂ ಖಾತೆ ಬರೆಯುವುದೂ ಬಂದರೆ ಸಾಕೆಂದು ತಿಳಿಯುತ್ತಿದ್ದ ಕಾಲದಲ್ಲಿ ಇದು ಅಲ್ಪ ಸಂಗತಿಯಲ್ಲ. ಇಂಗ್ಲೀಷನ್ನು ಓದಿ, ಬರೆದು, ಮಾತನಾಡಬಲ್ಲ ಮೊದಲನೆಯ ಭಾರತೀಯ ಷೇರು ದಲಾಲನೆಂಬ ಪ್ರಸಿದ್ಧಿಯು ಆತನಿಗೆ ಬಂದುದು ಈ ವಿದ್ಯೆಯ ಫಲದಿಂದಲೇ. ಮುಂಬಯಿಯಲ್ಲಿ ಹಿರಿಯ ದಲಾಲರ ಕೈಕೆಳಗೆ ಕೆಲಸ ಕಲಿತು, ಪಾಲುಪತ್ರಗಳ ಕ್ರಯವಿಕ್ರಯದಲ್ಲಿಯೂ ಹತ್ತಿಯ ವ್ಯಾಪಾರದಲ್ಲಿಯೂ ಯುವಕನು ಬಹುಬೇಗ ನಿಪುಣನೆನಿಸಿಕೊಂಡನು. ಆಂಗ್ಲ ವರ್ತಕರಿಗೂ ದೇಶೀಯ ಸಾಹುಕಾರರಿಗೂ ನಡುವೆ ಸೇತುವೆಯಾಗಬಲ್ಲವನು ಆಗ ಅವನಂತೆ ಮತ್ತೊಬ್ಬನಿರಲಿಲ್ಲ. ವಿದ್ಯೆಯೇ ತನ್ನ ಸಂಪತ್ತಿನ ಮೊದಲ ಮೆಟ್ಟಿಲೆಂಬುದನ್ನು ಅವರು ಮುಂದೆ ಮರೆಯಲಿಲ್ಲವೆಂಬುದಕ್ಕೆ ಅವರ ದಾನಗಳೇ ಸಾಕ್ಷಿಯಾಗಿವೆ.

ಅರಳೆಯ ಸುಗ್ಗಿ

1861ನೆಯ ಇಸವಿಯಲ್ಲಿ ಅಮೇರಿಕಾ ಖಂಡದಲ್ಲಿ ಉತ್ತರ ಸಂಸ್ಥಾನಗಳಿಗೂ ದಕ್ಷಿಣ ಸಂಸ್ಥಾನಗಳಿಗೂ ಅಂತರ್ಯುದ್ಧವು ಪ್ರಾರಂಭವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಭಾಗವು ದಕ್ಷಿಣ ಸಂಸ್ಥಾನಗಳಿಂದ ಬರುತ್ತಿದ್ದಿತು. ಉತ್ತರದವರು ಅವರ ಬಂದರುಗಳನ್ನು ಮುಚ್ಚಿಸಿದೊಡನೆ ಆ ಹತ್ತಿಯು ನಿಂತುಹೋಗಿ, ಗಿರಣಿಗಳ ಒಡೆಯರು ಭಾರತದ ಕಡೆಗೆ ಮುಖ ಮಾಡಿದರು. ಮುಂಬಯಿಯ ಪೇಟೆಯಲ್ಲಿ ಅರಳೆಯ ಬೆಲೆಯು ದಿನದಿನಕ್ಕೆ ಏರುತ್ತ, ಹಿಂದೆಂದೂ ಕೇಳರಿಯದ ಮಟ್ಟವನ್ನು ಮುಟ್ಟಿತು.

ಈ ಸುಗ್ಗಿಯು ಕನ್ನಡನಾಡಿಗೂ ದೂರದ್ದಾಗಿರಲಿಲ್ಲ. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ 1840ರ ಅನಂತರ ಅಮೇರಿಕಾ ಬೀಜದ ಹತ್ತಿಯ ಬೇಸಾಯವು ಹಬ್ಬಿದ್ದಿತು. ನಾಡಹತ್ತಿಯಂತೂ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದುದರಿಂದ ವಿಲಾಯತಿಯ ಪೇಟೆಯಲ್ಲಿ ಅದಕ್ಕೆ ಕುಮಟೆಯ ಹತ್ತಿಯೆಂದೇ ಹೆಸರು ನಿಂತಿದ್ದಿತು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂಬಯಿಯ ಸಾಹುಕಾರರ ಪೆಟ್ಟಿಗೆಗಳಲ್ಲಿ ತುಂಬಿದ ಹೊನ್ನಿನಲ್ಲಿ ಕನ್ನಡ ಒಕ್ಕಲಿಗರ ಬೆವರಿನ ಪಾಲೂ ಇದ್ದಿತೆಂಬುದನ್ನು ಮರೆಯಲಾಗದು.

ಪ್ರೇಮಚಂದರು ಈ ವ್ಯಾಪಾರದ ಶಿಖರದಲ್ಲಿ ನಿಂತರು. ಮೂವತ್ತೈದು ವರ್ಷ ತುಂಬುವ ಮೊದಲೇ ಅವರಿಗೆ ಅರಳೆಯ ಅರಸನೆಂಬ ಹೆಸರು ಬಂದಿತು. ಪೇಟೆಯಲ್ಲಿ ಹರಿದುಬಂದ ಹಣವು ನೆಲೆ ಕಾಣದೆ ಹೊಸ ಹೊಸ ಕಂಪೆನಿಗಳಿಗೂ ಬ್ಯಾಂಕುಗಳಿಗೂ ಜನ್ಮವನ್ನಿತ್ತಿತು. ಸಮುದ್ರವನ್ನು ಹಿಂದಕ್ಕೆ ಸರಿಸಿ ನೆಲವನ್ನು ಪಡೆಯುವ ಬ್ಯಾಕ್‌ಬೇ ಕಂಪೆನಿಯ ಐದು ಸಾವಿರ ರೂಪಾಯಿಯ ಪಾಲು ಐವತ್ತು ಸಾವಿರಕ್ಕೆ ಏರಿತು. ಇಂತಹ ಉದ್ಯಮಗಳ ಸೂತ್ರಧಾರರಲ್ಲಿ ಪ್ರೇಮಚಂದರು ಮುಖ್ಯರು. ಅವರು ಕೈ ಹಾಕಿದ ಕಂಪೆನಿಯ ಪಾಲು ಸಿಕ್ಕಿದರೆ ಸಾಕೆಂದು ಸಾಹುಕಾರರಿಂದ ಹಿಡಿದು ಗುಮಾಸ್ತರವರೆಗೆ ಜನರು ಅವರ ಬಾಗಿಲನ್ನು ಕಾಯುತ್ತಿದ್ದರು. ಧನದ ಭೋಗವೆಂಬ ಗತಿಯು ಮುಂಬಯಿ ನಗರವನ್ನೆಲ್ಲ ಮತ್ತಿನಲ್ಲಿ ಮುಳುಗಿಸಿದ್ದ ಕಾಲವದು.

ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ದಾನ

ಇಂತಹ ಮತ್ತಿನ ನಡುವೆಯೇ ಪ್ರೇಮಚಂದರ ಮನಸ್ಸು ವಿದ್ಯಾದಾನದ ಕಡೆಗೆ ತಿರುಗಿತು. ಕಲಕತ್ತಾ, ಮುಂಬಯಿ, ಮದ್ರಾಸು ಈ ಮೂರು ವಿಶ್ವವಿದ್ಯಾನಿಲಯಗಳೂ 1857ರಲ್ಲಿ ಸ್ಥಾಪಿತವಾಗಿದ್ದವು. ಆದರೆ ಅವು ಅಂದು ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಗಳು ಮಾತ್ರವೇ ಆಗಿದ್ದವು. ಮುಂಬಯಿಯ ವಿಶ್ವವಿದ್ಯಾನಿಲಯಕ್ಕೆ ಸ್ವಂತದ ಮಂದಿರವಿರಲಿಲ್ಲ. ಪುಸ್ತಕಭಂಡಾರಕ್ಕೆ ತಕ್ಕ ಮನೆಯಿರಲಿಲ್ಲ. 1864ರಲ್ಲಿ ಪ್ರೇಮಚಂದರು ಪುಸ್ತಕಭಂಡಾರದ ಕಟ್ಟಡಕ್ಕಾಗಿ ಎರಡು ಲಕ್ಷ ರೂಪಾಯಿಗಳನ್ನು ಕೊಡಮಾಡಿದರು. ಅದೇ ವರ್ಷದಲ್ಲಿ, ಅದರೊಡನೆ ದೊಡ್ಡ ಗಡಿಯಾರವುಳ್ಳ ಒಂದು ಗೋಪುರವು ಏಳಬೇಕೆಂದೂ ಅದಕ್ಕೆ ತಮ್ಮ ತಾಯಿಯ ಹೆಸರಿರಬೇಕೆಂದೂ ಕೋರಿ ಮತ್ತೆ ಎರಡು ಲಕ್ಷಗಳನ್ನಿತ್ತರು.

ಮಾತೆ ರಾಜಾಬಾಯಿಯವರ ವಿಷಯದಲ್ಲಿ ಒಂದು ಜನಶ್ರುತಿಯುಂಟು. ಅವರು ಸೂರ್ಯಾಸ್ತಕ್ಕೆ ಮೊದಲೇ ಭೋಜನ ಮಾಡುವ ಜೈನ ವ್ರತವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರಂತೆ. ಕಣ್ಣಿನ ದೃಷ್ಟಿಯು ಹೋಗಿದ್ದುದರಿಂದ, ಯಾರ ಸಹಾಯವೂ ಇಲ್ಲದೆ ಗಂಟೆಯ ನಾದದಿಂದಲೇ ಹೊತ್ತನ್ನು ತಿಳಿಯಲೆಂದು ಮಗನು ಗೋಪುರವನ್ನು ಕಟ್ಟಿಸಿದನಂತೆ. ಜನಶ್ರುತಿಯು ಎಷ್ಟರಮಟ್ಟಿಗೆ ನಿಜವೇ ಆಗಲಿ, ತನ್ನ ಹೆಸರನ್ನು ಬಿಟ್ಟು ತಾಯಿಯ ಹೆಸರನ್ನು ಗೋಪುರಕ್ಕೆ ಇಡಿಸಿದ ಮಾತೃಭಕ್ತಿಯು ನಿಜವಾದುದೇ.

ಈ ಕಟ್ಟಡದ ನಕ್ಷೆಯನ್ನು ಇಂಗ್ಲೆಂಡಿನ ಪ್ರಖ್ಯಾತ ಶಿಲ್ಪಿಯಾದ ಸರ್ ಗಿಲ್ಬರ್ಟ್ ಸ್ಕಾಟರು ಅಲ್ಲಿಂದಲೇ ರಚಿಸಿ ಕಳುಹಿದರು. 1869ನೆಯ ಇಸವಿ ಮಾರ್ಚಿ 1ನೆಯ ದಿನ ಅಡಿಗಲ್ಲು ಬಿದ್ದಿತು. 1878ರ ನವೆಂಬರಿನಲ್ಲಿ ಕೆಲಸವು ಮುಗಿಯಿತು. ಗೋಪುರದ ಎತ್ತರವು 280 ಅಡಿ. ಪಶ್ಚಿಮ ಭಾರತದ ನಾನಾ ಜಾತಿಗಳ ಜನರ ಮೂರ್ತಿಗಳು ಅದರ ಮೇಲೆ ಕೆತ್ತಲ್ಪಟ್ಟಿವೆ. ಒಟ್ಟು ವೆಚ್ಚವು ಸುಮಾರು ಐದೂವರೆ ಲಕ್ಷ ರೂಪಾಯಿಗಳಾಯಿತು.

ಪ್ರಳಯ

ದಾನಪತ್ರಗಳು ಬರೆಯಲ್ಪಟ್ಟು ಒಂದು ವರ್ಷವು ತುಂಬಿರಲಿಲ್ಲ. 1865ರ ಏಪ್ರಿಲಿನಲ್ಲಿ ಅಮೇರಿಕಾದ ದಕ್ಷಿಣ ಸೈನ್ಯವು ಶರಣಾಗತವಾಯಿತು. ಯುದ್ಧವು ನಿಂತ ಸುದ್ದಿಯು ಮುಂಬಯಿಗೆ ಮುಟ್ಟಿದೊಡನೆ ಅರಳೆಯ ಬೆಲೆಯು ಕುಸಿಯಿತು. ಅದನ್ನು ನಂಬಿ ನಿಂತಿದ್ದ ಪಾಲುಗಳ ಬೆಲೆಯೂ ಕುಸಿಯಿತು. ಮುಂಗಡವಾಗಿ ಮಾಡಿಕೊಂಡ ಸಟ್ಟಾ ಕರಾರುಗಳೆಲ್ಲ ಆ ವರ್ಷದ ಜುಲೈ 1ನೆಯ ದಿನ ಚುಕ್ತಾ ಆಗಬೇಕಾಗಿದ್ದಿತು. ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ, ಬರಬೇಕಾದವರಿಗೆ ಬರಲಿಲ್ಲ. ನಿನ್ನೆಯ ಕೋಟ್ಯಧೀಶರು ಇಂದಿನ ದಿವಾಳಿಖೋರರಾದರು. ವಿಧವೆಯರ ಗಂಟು, ಗುಮಾಸ್ತರ ಉಳಿತಾಯ ಎಲ್ಲವೂ ಆ ಹೊಳೆಯಲ್ಲಿ ಕೊಚ್ಚಿಹೋದವು. ಪ್ರೇಮಚಂದರ ಅಪಾರ ಸಂಪತ್ತೂ ಉಳಿಯಲಿಲ್ಲ. ಧನದ ಮೂರನೆಯ ಗತಿಯು ಹೀಗೆ ತನ್ನ ಕೆಲಸವನ್ನು ಪೂರೈಸಿತು.

ಚರಿತ್ರೆಯನ್ನು ಹೇಳುವಾಗ ಗುಣವನ್ನು ಮಾತ್ರ ಹೇಳಿ ದೋಷವನ್ನು ಮರೆಸುವುದು ಧರ್ಮವಲ್ಲ. ಮುಂಬಯಿ ಬ್ಯಾಂಕು 1840ರಲ್ಲಿ ಸ್ಥಾಪಿತವಾದುದು; ಸರಕಾರದ ಪಾಲೂ ಅದರಲ್ಲಿದ್ದಿತು. ಸುಗ್ಗಿಯ ವರ್ಷಗಳಲ್ಲಿ ಆ ಬ್ಯಾಂಕು ಪಾಲುಪತ್ರಗಳ ಒತ್ತೆಯ ಮೇಲೆ ವಿವೇಚನೆಯಿಲ್ಲದೆ ಸಾಲವನ್ನು ಕೊಟ್ಟು ಮುಳುಗಿ, 1868ರಲ್ಲಿ ಮುಚ್ಚಲ್ಪಟ್ಟಿತು. ಇದನ್ನು ವಿಚಾರಿಸಲು ನೇಮಕವಾದ ಮಂಡಲಿಯು, ಬ್ಯಾಂಕಿನ ಅಧಿಕಾರಿಗಳ ಮೇಲೆ ಪ್ರೇಮಚಂದರಿಗಿದ್ದ ಅತಿಯಾದ ಪ್ರಭಾವವನ್ನು ಎತ್ತಿ ತೋರಿಸಿತು. ಸಾವಿರಾರು ಮಂದಿಯ ಕಷ್ಟಕ್ಕೆ ಕಾರಣವಾದ ಆ ಸಟ್ಟಾ ವ್ಯವಹಾರದಲ್ಲಿ ಅವರು ಮುಂದಾಳುಗಳಾಗಿದ್ದರೆಂಬುದು ನಿರ್ವಿವಾದ. ದಾನವು ಈ ದೋಷವನ್ನು ಅಳಿಸಲಾರದು. ಈ ದೋಷವು ದಾನದ ಫಲವನ್ನು ತಡೆಯಲೂ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಮಾತ್ರವೇ ಆ ಬಾಳಿನ ನಿಜವಾದ ಪಾಠವು ಗೋಚರಿಸುವುದು.

ಕಲಕತ್ತೆಯ ದತ್ತಿ

ಪ್ರೇಮಚಂದರ ದಾನಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ, ಆಕಾಶವನ್ನು ಮುಟ್ಟುವ ಗೋಪುರವನ್ನೇ ಬಹುಜನರು ತೋರಿಸುವರು. ಆದರೆ ಕಣ್ಣಿಗೆ ಕಾಣದ ಮತ್ತೊಂದು ಗೋಪುರವನ್ನು ಅವರು ದೂರದ ವಂಗದೇಶದಲ್ಲಿ ಕಟ್ಟಿಸಿದ್ದರು. ಕಲಕತ್ತಾ ವಿಶ್ವವಿದ್ಯಾನಿಲಯಕ್ಕೆ ಅವರು ಎರಡು ಲಕ್ಷ ರೂಪಾಯಿಗಳನ್ನಿತ್ತರು. ಅದರಿಂದ 1866ರಲ್ಲಿ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವು ಸ್ಥಾಪಿತವಾಯಿತು. ಮುಂಬಯಿಯಲ್ಲಿ ಪ್ರಳಯವು ಬಡಿದ ಮರುವರ್ಷವದು.

ಕಲಕತ್ತೆಯು ಆತನ ಹುಟ್ಟೂರಲ್ಲ, ವ್ಯಾಪಾರದ ಮುಖ್ಯಸ್ಥಾನವೂ ಅಲ್ಲ. ಅಲ್ಲಿಯ ಭಾಷೆಯು ಆತನದಲ್ಲ. ಆ ವಿಶ್ವವಿದ್ಯಾನಿಲಯದ ಅಧಿಕಾರವು ಅಂದು ಪಂಜಾಬದಿಂದ ಬ್ರಹ್ಮದೇಶದವರೆಗೆ ಹಬ್ಬಿದ್ದಿತು. ವೇತನವನ್ನು ಪಡೆಯುವವನು ಯಾವ ಪ್ರಾಂತದವನೋ, ಯಾವ ಕುಲದವನೋ ದಾನಿಯು ಅರಿಯನು. ಮುಖವನ್ನು ಕಾಣದವರಿಗೆ ಕೊಟ್ಟ ದಾನವೆಂಬುದೇ ಇದರ ಹಿರಿಮೆ.

ಈ ದತ್ತಿಯ ಏರ್ಪಾಡು ತಿಳಿಯತಕ್ಕುದಾಗಿದೆ. ಮೂಲಧನವಾದ ಎರಡು ಲಕ್ಷಗಳನ್ನು ಮುಟ್ಟತಕ್ಕುದಲ್ಲ. ಅದರ ಬಡ್ಡಿಯನ್ನು ಮಾತ್ರವೇ ವೆಚ್ಚ ಮಾಡತಕ್ಕುದು. ನೂರಕ್ಕೆ ಐದರಂತೆ ಎಣಿಸಿದರೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಗಳಾಗುವುವು. ವಿಶ್ವವಿದ್ಯಾನಿಲಯವು ಇದನ್ನು ತಲಾ ಎರಡು ಸಾವಿರದ ಐದು ವೇತನಗಳಾಗಿ ವಿಂಗಡಿಸಿತು. ಎಂ.ಎ. ಪದವಿಯನ್ನು ಪಡೆದವರಿಗೆ ಕಠಿಣವಾದೊಂದು ಸ್ಪರ್ಧಾಪರೀಕ್ಷೆಯನ್ನಿಟ್ಟು, ವರ್ಷಕ್ಕೆ ಒಬ್ಬನನ್ನು ಆರಿಸಿ, ಆತನಿಗೆ ಐದು ವರ್ಷಗಳ ಪರ್ಯಂತ ವೇತನವನ್ನು ಕೊಡುವುದು ಮೊದಲಿನ ನಿಯಮವಾಗಿದ್ದಿತು. ಹೀಗೆ ಐದನೆಯ ವರ್ಷಕ್ಕೆ ಐವರಾಗುವರು. ಆರನೆಯ ವರ್ಷ ಮೊದಲನೆಯವನ ಅವಧಿಯು ತೀರಿ ಹೊಸಬನು ಬರುವನು. ಬಾವಿಯ ನೀರನ್ನು ಸೇದಿದಷ್ಟೂ ಸೆಲೆಯು ತುಂಬುವಂತೆ, ಮೂಲಧನವು ಕರಗದೆ ಫಲವು ವರ್ಷವರ್ಷವೂ ಬರುತ್ತಿರುವುದು.

ತಿಂಗಳಿಗೆ ನೂರ ಅರವತ್ತಾರು ರೂಪಾಯಿಗಳಿಗೂ ಮಿಕ್ಕ ಈ ವೇತನವು ಅಂದಿನ ಕಾಲಕ್ಕೆ ಒಂದು ಸಂಸಾರವನ್ನು ಗೌರವದಿಂದ ನಡೆಸಲು ಸಾಕಾಗಿದ್ದಿತು. ಬಡವನಾದ ಪ್ರತಿಭಾವಂತನು ಪದವಿಯಾದ ಕೂಡಲೇ ಹೊಟ್ಟೆಪಾಡಿಗಾಗಿ ಕಚೇರಿಯನ್ನು ಹುಡುಕಿ, ಕಲಿತುದನ್ನು ಮರೆಯುವ ಕಾಲವದು. ಹುಮ್ಮಸ್ಸು ತುಂಬಿದ ಐದು ವರ್ಷಗಳನ್ನು ಅನ್ನದ ಚಿಂತೆಯಿಲ್ಲದೆ ವ್ಯಾಸಂಗಕ್ಕೆ ಮೀಸಲಿಡುವ ಅನುಕೂಲವು ಆತನಿಗೆ ಮೊತ್ತಮೊದಲಿಗೆ ಈ ದತ್ತಿಯಿಂದ ದೊರೆಯಿತು. ಕಾಲವು ಬದಲಾದಂತೆ ನಿಯಮಗಳೂ ಬದಲಾದವು. ಸಂಶೋಧನ ಪ್ರಬಂಧಕ್ಕೆ ಪ್ರಾಧಾನ್ಯವು ಬಂದಿತು. ಆದರೆ ಉತ್ತಮನನ್ನು ಆರಿಸಿ ವಿದ್ಯೆಯಲ್ಲಿ ನಿಲ್ಲಿಸುವುದೆಂಬ ಮೂಲೋದ್ದೇಶವು ಬದಲಾಗಲಿಲ್ಲ.

ದತ್ತಿಯ ಫಲ

ಈ ವೇತನವನ್ನು ಪಡೆದವರು ತಮ್ಮ ಹೆಸರಿನ ಮುಂದೆ ಪಿ.ಆರ್.ಎಸ್. ಎಂಬ ಅಕ್ಷರಗಳನ್ನು ಪದವಿಯೋಪಾದಿಯಲ್ಲಿ ಧರಿಸತೊಡಗಿದರು. ವಂಗದೇಶದ ವಿದ್ವಾಂಸರಲ್ಲಿ ಅದಕ್ಕಿಂತ ಹಿರಿದಾದ ವಿದ್ಯಾಗೌರವವು ಬಹುಕಾಲ ಇರಲಿಲ್ಲ. ಸೂರತದ ವರ್ತಕನೊಬ್ಬನ ಹೆಸರಿನ ಮೊದಲಕ್ಷರಗಳು ವಂಗ ಪಂಡಿತರ ಕೀರ್ತಿಯ ಕಿರೀಟಗಳಾದುದು ವಿಸ್ಮಯವೇ ಸರಿ.

1864ರಲ್ಲಿ, ಎಂದರೆ ಪ್ರೇಮಚಂದರು ಮುಂಬಯಿಗೆ ದಾನವನ್ನಿತ್ತ ವರ್ಷದಲ್ಲಿಯೇ, ಕಲಕತ್ತೆಯಲ್ಲಿ ಜನಿಸಿದ ಆಶುತೋಷ ಮುಖರ್ಜಿಯವರು 1886ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಈ ವೇತನವನ್ನು ಗಳಿಸಿದರು. ಗಣಿತದಲ್ಲಿ ಅದ್ವಿತೀಯರೆನಿಸಿದ್ದ ಅವರು ಮುಂದೆ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಕಲಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ಪರೀಕ್ಷೆ ನಡೆಸುವ ಸಂಸ್ಥೆಯಾಗಿದ್ದುದನ್ನು ಬೋಧನೆಯ ಮತ್ತು ಸಂಶೋಧನೆಯ ಕ್ಷೇತ್ರವನ್ನಾಗಿ ಮಾಡಿದವರು ಅವರೇ. ಅವರ ಕಾಲದಲ್ಲಿ ತಾರಕನಾಥ ಪಾಲಿತ, ರಾಸಬಿಹಾರಿ ಘೋಷ ಮೊದಲಾದವರು ವಿಜ್ಞಾನ ಪೀಠಗಳಿಗಾಗಿ ಲಕ್ಷಗಟ್ಟಲೆ ಧನವನ್ನಿತ್ತರು. ಪಾಲಿತ ಪೀಠಕ್ಕೆ ಬಂದವರು ಚಂದ್ರಶೇಖರ ವೆಂಕಟ ರಾಮನ್ನರು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆ ಮಹನೀಯರು 1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದ ರಾಧಾಕೃಷ್ಣನ್ನರನ್ನು 1921ರಲ್ಲಿ ಕಲಕತ್ತೆಗೆ ಕರೆಯಿಸಿಕೊಂಡವರೂ ಆಶುತೋಷರೇ. ಒಂದು ದೀಪದಿಂದ ಮತ್ತೊಂದು ದೀಪವನ್ನು ಹೊತ್ತಿಸುವಂತೆ ಒಂದು ದಾನದ ಫಲವು ಹೀಗೆ ಎಲ್ಲಿಂದೆಲ್ಲಿಗೋ ಹಬ್ಬುವುದು.

ಇತಿಹಾಸಕಾರರಾದ ಯದುನಾಥ ಸರ್ಕಾರರು 1897ರಲ್ಲಿ ಇದೇ ವೇತನಕ್ಕೆ ಪಾತ್ರರಾದರು. ಅದಕ್ಕಾಗಿ ನಡೆಸಿದ ಅಧ್ಯಯನವೇ ಔರಂಗಜೇಬನ ಕಾಲದ ಭಾರತವನ್ನು ಕುರಿತ ಅವರ ಪ್ರಥಮ ಗ್ರಂಥವಾಗಿ 1901ರಲ್ಲಿ ಹೊರಬಂದಿತು. ಅಂದು ಹಿಡಿದ ವಿಷಯವನ್ನು ಅವರು ಜೀವಮಾನವೆಲ್ಲ ಬಿಡಲಿಲ್ಲ. 1686ರಲ್ಲಿ ಔರಂಗಜೇಬನಿಂದ ವಿಜಾಪುರದ ಆದಿಲಶಾಹಿಯು ಅಳಿದ ವೃತ್ತಾಂತವನ್ನು ತಿಳಿಯಬಯಸುವ ಕನ್ನಡಿಗರೂ ಅವರ ಗ್ರಂಥಗಳನ್ನು ನೋಡದೆ ಮುಂದೆ ಹೋಗಲಾರರು. ಪ್ರಾಚೀನ ಭಾರತದ ಇತಿಹಾಸವನ್ನು ಬರೆದ ರಮೇಶಚಂದ್ರ ಮಜುಮದಾರರೂ ಭಾಷಾಶಾಸ್ತ್ರಜ್ಞರಾದ ಸುನೀತಿಕುಮಾರ ಚಟರ್ಜಿಯವರೂ ಇದೇ ಸಾಲಿಗೆ ಸೇರಿದವರು.

ಮುಂಬಯಿಯ ಪುಸ್ತಕಭಂಡಾರದ ಉಪಕಾರವೂ ಕನ್ನಡಿಗರಿಗೆ ನೇರವಾಗಿ ಮುಟ್ಟಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಉದಯಿಸುವವರೆಗೂ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಪ್ರಾಂತಗಳ ವಿದ್ಯಾರ್ಥಿಗಳಿಗೆ ಮುಂಬಯಿಯದೇ ವಿಶ್ವವಿದ್ಯಾನಿಲಯವಾಗಿದ್ದಿತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜೂ 1933ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜೂ ಅದಕ್ಕೇ ಸೇರಿದ್ದವು. ಎರೆಹೊಲದ ಹತ್ತಿಯು ಯಾವ ನಗರಕ್ಕೆ ಹೋಗಿ ಹೊನ್ನಾಯಿತೋ, ಆ ನಗರಕ್ಕೆ ಆ ಹೊಲದವರ ಮೊಮ್ಮಕ್ಕಳು ವಿದ್ಯೆಗಾಗಿ ಹೋದಾಗ, ಆ ಹೊನ್ನಿನ ಒಂದಂಶವು ಪುಸ್ತಕರೂಪದಲ್ಲಿ ಅವರಿಗಾಗಿ ಕಾದಿದ್ದಿತು.

ಉತ್ತರ ಜೀವನ

ಪ್ರಳಯದ ಅನಂತರ ಪ್ರೇಮಚಂದರು ನಾಲ್ಕು ದಶಕಗಳ ಕಾಲ ಬಾಳಿದರು. ಊರನ್ನು ಬಿಟ್ಟು ಓಡಲಿಲ್ಲ. ಮತ್ತೆ ದಲಾಲಿಯನ್ನು ಕೈಗೊಂಡು ಅದೇ ಪೇಟೆಯಲ್ಲಿ ದುಡಿದರು. 1875ರಲ್ಲಿ ಮುಂಬಯಿಯ ದೇಶೀಯ ಷೇರು ದಲಾಲರ ಸಂಘವು ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಕಟ್ಟುನಿಟ್ಟಿಲ್ಲದ ಸಟ್ಟಾದಿಂದ ಬೆಂದ ಪೇಟೆಗೆ ಒಂದು ಕಟ್ಟಳೆಯು ಬರುವ ಕಾರ್ಯದಲ್ಲಿ, ಬೆಂದವರಲ್ಲಿ ಮೊದಲಿಗನೇ ಸೇರಿದ್ದನು. ಮುಂಬಯಿಯ ಇಂದಿನ ಷೇರು ವಿನಿಮಯ ಸಂಸ್ಥೆಯು ಆ ಸಂಘದಿಂದಲೇ ಬೆಳೆದುದು. ಅಹಮದಾಬಾದಿನ ಶಿಕ್ಷಕರ ತರಬೇತಿ ಶಾಲೆಗೂ ಅವರ ಹೆಸರು ನಿಂತಿತು. ಆದರೆ 1864ರ ಐಶ್ವರ್ಯವು ಮತ್ತೆ ಮರಳಲಿಲ್ಲ. ನಗರದ ನಡುವೆ ತಾಯಿಯ ಹೆಸರಿನ ಗೋಪುರವು ವರ್ಷವರ್ಷಕ್ಕೆ ಏಳುತ್ತಿದ್ದುದನ್ನು ಅವರು ಕಂಡುದು, ತಮ್ಮ ಭಾಗ್ಯವು ಬಿದ್ದುಹೋದ ಮೇಲೆ. 1906ರಲ್ಲಿ ಅವರು ದೇಹವನ್ನು ಬಿಟ್ಟರು. ಅವರ ದತ್ತಿಯಿಂದ ಬೆಳೆದ ಆಶುತೋಷರು ಕಲಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದುದು ಅದೇ ವರ್ಷದಲ್ಲಿ.

ಉಪಸಂಹಾರ

ಪ್ರೇಮಚಂದರ ಚರಿತ್ರೆಯಿಂದ ದಾನಧರ್ಮದಲ್ಲಿ ಆಸಕ್ತರಾದವರು ತಿಳಿಯತಕ್ಕ ಅಂಶಗಳು ಕೆಲವುಂಟು. ನಾಳೆ ಕೊಡುವೆನೆಂದು ಅವರು 1864ರಲ್ಲಿ ಮುಂದಕ್ಕೆ ಹಾಕಿದ್ದರೆ, ಆ ನಾಳೆಯಲ್ಲಿ ಕೊಡಲು ಏನೂ ಉಳಿಯುತ್ತಿರಲಿಲ್ಲ. ದಾನವನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡು ಅಷ್ಟಷ್ಟಾಗಿ ಹಂಚುವೆನೆಂದಿದ್ದರೆ, ಅದೂ ಉಳಿದ ಸಂಪತ್ತಿನೊಡನೆ ಸಾಲಗಾರರ ಪಾಲಾಗುತ್ತಿದ್ದಿತು. ಸಂಸ್ಥೆಗೆ ಒಪ್ಪಿಸಿ, ಮೂಲಧನಕ್ಕೆ ಕಟ್ಟನ್ನು ಹಾಕಿ, ಯೋಗ್ಯರ ಆಯ್ಕೆಯನ್ನು ವಿದ್ವಾಂಸರಿಗೆ ಬಿಟ್ಟುದರಿಂದಲೇ ಅದು ದಾನಿಯ ದುರ್ದೆಸೆಯನ್ನೂ ದಾಟಿ, ಇಪ್ಪತ್ತನೆಯ ಶತಮಾನದುದ್ದಕ್ಕೂ ಫಲವನ್ನಿತ್ತಿತು. ದಾನಿಯ ಹಸ್ತವು ದಾನದಿಂದ ಸಂಪೂರ್ಣವಾಗಿ ಹಿಂದೆಗೆದಾಗಲೇ ದಾನವು ಸ್ಥಿರವಾಗುವುದೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಭೋಗಿಸಿದುದು ಅಂದೇ ಮುಗಿಯಿತು, ಕೂಡಿಟ್ಟುದು ಒಂದು ಬೇಸಗೆಯಲ್ಲಿ ಕರಗಿತು, ಕೊಟ್ಟುದೊಂದೇ ನಿಂತಿತು. ರಾಜಾಬಾಯಿ ಗೋಪುರವು 2018ರಲ್ಲಿ ಮುಂಬಯಿಯ ಇತರ ಪ್ರಾಚೀನ ಕಟ್ಟಡಗಳ ಸಮೂಹದೊಡನೆ ವಿಶ್ವಪರಂಪರೆಯ ತಾಣಗಳ ಪಟ್ಟಿಯನ್ನು ಸೇರಿತು. ಅದರ ನೆರಳಿನಲ್ಲಿ ಪುಸ್ತಕವನ್ನು ಹಿಡಿದು ನಡೆದುಹೋಗುವ ಬಡ ವಿದ್ಯಾರ್ಥಿಗೆ, ಅದನ್ನು ಕಟ್ಟಿಸಿದವನು ಅದು ಮುಗಿಯುವ ಮೊದಲೇ ನಿರ್ಧನನಾಗಿದ್ದನೆಂಬುದು ತಿಳಿದಿರಲಾರದು. ತಿಳಿಯದಿದ್ದರೂ ಕೊರತೆಯಿಲ್ಲ. ಕೊಟ್ಟವನನ್ನು ಅರಿಯದೆಯೇ ಪಡೆಯುವವನೂ ಪಡೆಯುವವನನ್ನು ಅರಿಯದೆಯೇ ಕೊಟ್ಟವನೂ ವಿದ್ಯೆಯೆಂಬ ಒಂದೇ ಮಂದಿರದಲ್ಲಿ ಕೂಡುವರು.